ಹೊಡೆದುಹಾಕಿದ ಎರಡು ಸಾಲು

ಚಂದ್ರಾ ಲೇಔಟ್, ಬೆಂಗಳೂರು
೯ ಜೂನ್ ೨೦೦೮

ಅಕ್ಕನಿಗೆ ನೀಲಗಂಗೆಯ ನಮಸ್ಕಾರ.

ಕೈಬರಹ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಹರಿಯುವುದಿದ್ದರೆ ಓದಿ ಹರಿ. ಇಪ್ಪತ್ತೆಂಟು ವರ್ಷ ರಾಜಾಜಿನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಲೋಕದವರಿಗೆಲ್ಲ ಲೈನ್ ಜೋಡಿಸಿಕೊಟ್ಟವಳಿಗೆ ನಿನಗೊಂದು ಫೋನ್ ಮಾಡಲು ಬರುವುದಿಲ್ಲವೆಂದಲ್ಲ. ನನ್ನ ದನಿ ಕೇಳಿದರೆ ಇಟ್ಟುಬಿಡುತ್ತೀಯ. ಪತ್ರವಾದರೆ ಹರಿಯುವಾಗಲೂ ಒಂದೆರಡು ಸಾಲು ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಮುಖ್ಯವಾದದ್ದನ್ನು ಮೊದಲೇ ಬರೆಯುತ್ತೇನೆ.

ನೀನು ರಕ್ತ ಪರೀಕ್ಷೆ ಮಾಡಿಸಿಕೋ. ಹೆಪಟೈಟಿಸ್ ಬಿ ಎಂದು ಕೇಳು. ಹೇಮಶ್ರೀಗೂ ಮಾಡಿಸು, ಅವಳಿಗೆ ತಪ್ಪಿಸಲೇಬೇಡ. ನಿನ್ನ ಮಗಳಿಗೆ ಮೂರು ತಿಂಗಳೆಂದು ನಿಮ್ಮ ಓಣಿಯ ಭರಮಪ್ಪ ಮೆಜೆಸ್ಟಿಕ್ಕಿನಲ್ಲಿ ಸಿಕ್ಕಾಗ ಹೇಳಿದ.

ಈಗ ನನ್ನ ಕಥೆ. ಮಾರ್ಚಿನಿಂದ ಬಲಗಡೆ ಪಕ್ಕೆಯ ಕೆಳಗೆ ಭಾರ. ಮೂಲೆಯ ಡಾಕ್ಟರು ಗ್ಯಾಸ್ ಎಂದು ಮಾತ್ರೆ ಕೊಟ್ಟರು, ನಾನೂ ಗ್ಯಾಸೇ ಎಂದು ನಂಬಿ ಹುಣಸೆಹಣ್ಣು ಬಿಟ್ಟೆ. ಮೇಲಿನ ಮನೆಯ ಯಶೋದಮ್ಮ ಒಂದು ದಿನ ಬಟ್ಟೆ ಒಣಹಾಕುತ್ತಾ, "ನೀಲಮ್ಮಾ, ಕಣ್ಣ್ಯಾಕ್ರೀ ಅರಿಶಿನ ಆಗಿದೆ?" ಎಂದರು. ಸ್ಕ್ಯಾನಿಂಗಿಗೆ ಹೋದೆ. ಮೊದಲು ಹರಟೆ ಹೊಡೆಯುತ್ತಿದ್ದ ಸ್ಕ್ಯಾನಿಂಗ್ ಹುಡುಗಿ ನಡುವೆ ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತಿ ನೋಡಿದಳು. ಆಮೇಲೆ ಒಬ್ಬ ಡಾಕ್ಟರು ಇನ್ನೊಬ್ಬರ ಹೆಸರು ಬರೆದುಕೊಟ್ಟರು, ಅವರು ಮತ್ತೊಬ್ಬರದು. ಹೀಗೆ ನಾಲ್ಕನೆಯವರಾಗಿ ಸಿಕ್ಕವರು ಲಿವರ್ ತಜ್ಞ ಡಾಕ್ಟರ್ ವಿಶ್ವಾರಾಧ್ಯರು. ದೊಡ್ಡ ಆಸ್ಪತ್ರೆಯಲ್ಲಿ ಮಂಗಳವಾರ, ಶುಕ್ರವಾರ ಮಾತ್ರ ನೋಡುತ್ತಾರೆ. ಲಿವರ್ ಕ್ಯಾನ್ಸರ್ ಎಂದು ನನಗೆ ನೇರವಾಗಿ ಹೇಳಿದವರು ಅವರೊಬ್ಬರೇ. ಉಳಿದವರೆಲ್ಲ "ಮನೆಯವರನ್ನ ಕಳ್ಸಿ" ಅನ್ನುತ್ತಿದ್ದರು. ಕಳಿಸಲು ಯಾರಿದ್ದಾರೆ? ನಮ್ಮವರು ಹೋಗಿ ಆರು ವರ್ಷವಾಯಿತು.

ಒಂದೇ ಮನೆಯಲ್ಲಿ ಈ ರೋಗ ಏಕೆ ಮತ್ತೆ ಮತ್ತೆ ಬರುತ್ತದೆಂದು ಅವರು ಸಂಶೋಧನೆ ಮಾಡುತ್ತಿದ್ದಾರೆ. ಒಂದು ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆದು ನಮ್ಮ ವಂಶ ಕೇಳಿದರು. ಅವ್ವ ಹೇಗೆ ಹೋದಳೆಂದರು. ಹೊಟ್ಟೆ ಬಾತಿತ್ತು, ಕಾಲು ಬಾತಿತ್ತು ಎಂದೆ. ಪೆನ್ಸಿಲಿನಿಂದ ಅವ್ವನ ಸೊನ್ನೆಯನ್ನು ಕಪ್ಪು ಮಾಡಿದರು. ಇದು ರಕ್ತದಲ್ಲಿರುವ ಒಂದು ವೈರಸ್ಸಂತೆ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಕೂಸಿಗೆ ದಾಟುತ್ತದಂತೆ, ನಲವತ್ತು ಐವತ್ತು ವರ್ಷ ಸುಮ್ಮನಿದ್ದು ಒಂದು ದಿನ ಏಳುತ್ತದಂತೆ.

ಆಮೇಲೆ, "ನಿಮ್ ಜೊತೆ ಹುಟ್ಟಿದವ್ರು ಯಾರಿದಾರಮ್ಮ?" ಎಂದರು. ಯಾರೂ ಇಲ್ಲ ಎಂದೆ.

ಬಸ್ಸಿನಲ್ಲಿ ಬರುವಾಗ ಹಳೆಯದನ್ನೆಲ್ಲ ಮತ್ತೆ ಲೆಕ್ಕ ಹಾಕಿದೆ. ನನ್ನ ಕೂಸು ನಿಲ್ಲದೆ ಹೋದಾಗ ಅವ್ವ ಆರೈಕೆಗೆ ಬಂದು ಮೂರು ತಿಂಗಳು ನನ್ನ ಮನೆಯಲ್ಲಿದ್ದಳು, ಹೊಟ್ಟೆ ಬಾತುಕೊಂಡು ನಿನ್ನಲ್ಲಿಗೆ ಮರಳಿದಳು. ನಮ್ಮತ್ತೆ ಅಕ್ಕಯ್ಯಮ್ಮ ಊಟದಲ್ಲಿ ಮದ್ದು ಹಾಕಿ ಅವ್ವನನ್ನು ಕೊಂದಳೆಂದು ೮೧ರಲ್ಲಿ ನೀನು ಬರೆದೆ. ಅವ್ವನ ಮಣ್ಣಿಗೂ ನನ್ನನ್ನು ಕರೆಯಲಿಲ್ಲ. ಮದ್ದಿನ ವಾದಕ್ಕೆ ನಾನು ಇವತ್ತು ಬಂದಿಲ್ಲ. ನೀನು ಗೆದ್ದೆ ಎಂದೇ ಇಟ್ಟುಕೋ. ಪರೀಕ್ಷೆ ಒಂದನ್ನು ಮಾಡಿಸು.

ಇಂತಿ,
ನೀಲಾ


ರಾಣೆಬೆನ್ನೂರು
೨೭ ಜೂನ್ ೨೦೦೮

ನೀಲಗಂಗಮ್ಮನವರಿಗೆ,

ಪತ್ರ ತಲುಪಿತು. ಕಾಯಿಲೆಯ ವಿಷಯ ತಿಳಿದು ಕೆಡುಕೆನಿಸಿತು. ಒಳ್ಳೆಯ ಡಾಕ್ಟರು ಸಿಕ್ಕಿದ್ದಾರೆ, ಅವರು ಹೇಳಿದಂತೆ ನಡೆಯಿರಿ.

ಅವ್ವನ ವಿಷಯ ನಿಮ್ಮ ಡಾಕ್ಟರಿಗೆ ಗೊತ್ತಿಲ್ಲ. ಹೊಳೆಯಾಚೆ ಮದ್ದು ತೆಗೆಯುವವನ ಹತ್ತಿರ ಕರೆದುಕೊಂಡು ಹೋದವಳು ನಾನು. ಅವನು ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದಾಗ ಅವ್ವನ ತಲೆ ಹಿಡಿದುಕೊಂಡವಳೂ ನಾನೇ. ಮದ್ದು ಹೊರಗೆ ಬಿದ್ದದ್ದನ್ನು ಈ ಕಣ್ಣಿನಿಂದ ಕಂಡಿದ್ದೇನೆ. ಕರ್ರಗಿತ್ತು. ತಡವಾಗಿದ್ದರಿಂದ ಅವ್ವ ಉಳಿಯಲಿಲ್ಲ.

ನನ್ನ ಮಗಳು ಬಸುರಿ. ಅವಳ ತಲೆಯಲ್ಲಿ ಇಲ್ಲದ್ದನ್ನು ತುಂಬಬೇಡಿ.

ಗುರುದೇವಿ


ಚಂದ್ರಾ ಲೇಔಟ್
೮ ಜುಲೈ ೨೦೦೮

ಅಕ್ಕಾ,

ನನ್ನನ್ನು "ನೀವು" ಎಂದು ಕರೆದದ್ದು ಇದೇ ಮೊದಲು. ಎಕ್ಸ್‌ಚೇಂಜಿನಲ್ಲಿ ಮೇಲಧಿಕಾರಿ ಕೂಡ ನನಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಹೋದ ಶುಕ್ರವಾರ ಗಂಟಲೊಳಗೆ ಕೊಳವೆ ಬಿಟ್ಟು ನೋಡಿದರು. ಲಿವರ್ ಗಟ್ಟಿಯಾದ್ದರಿಂದ ರಕ್ತ ದಾರಿ ಸಿಗದೆ ಅನ್ನನಾಳದ ನರಗಳು ಉಬ್ಬಿಕೊಂಡಿವೆಯಂತೆ. ಗಟ್ಟಿ ರೊಟ್ಟಿ ತಿನ್ನಬೇಡಿ, ಜೋರಾಗಿ ಕೆಮ್ಮಬೇಡಿ ಎಂದಿದ್ದಾರೆ. ನಾನು ನಿನ್ನ ಪತ್ರದ ವಿಷಯ ಹೇಳಿ ಒಂದು ಮಾತು ಕೇಳಿದೆ.

[ಇಲ್ಲಿ ಎರಡು ಸಾಲುಗಳನ್ನು ದಪ್ಪ ಶಾಯಿಯಿಂದ ಹೊಡೆದುಹಾಕಿದೆ.]

ಏನೋ ಬರೆಯಲು ಹೋಗಿ ಏನೋ ಆಯಿತು, ಬಿಡು.

ಹೇಮಾಳಿಗೆ ಬಾಯಿ ರುಚಿ ಕೆಟ್ಟಿರಬಹುದು ಎಂದು ಗುರೆಳ್ಳು ಹಿಂಡಿ, ಇಲ್ಲಿಯವರು ಹುಚ್ಚೆಳ್ಳು ಚಟ್ನಿಪುಡಿ ಎನ್ನುವುದನ್ನೇ, ಕುಟ್ಟಿ ಭರಮಪ್ಪನ ಕೈಲಿ ಕಳಿಸಿದ್ದೇನೆ. ಬೆಳ್ಳುಳ್ಳಿ ಅವ್ವನ ಅಳತೆಯಲ್ಲೇ ಹಾಕಿದ್ದೇನೆ. ಅವಳನ್ನು ಎರಡು ವರ್ಷದ ಕೂಸಾಗಿದ್ದಾಗ ನೋಡಿದ್ದು. ನನ್ನ ಜಡೆ ಹಿಡಿದೆಳೆದು ನಗುತ್ತಿದ್ದಳು.

ಪರೀಕ್ಷೆ, ಅಕ್ಕಾ.

ನೀಲಾ


ಚಂದ್ರಾ ಲೇಔಟ್
೨೨ ಆಗಸ್ಟ್ ೨೦೦೮

ಅಕ್ಕಾ,

ಆರು ವಾರವಾಯಿತು. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ, ಪಾಪ, ಗೇಟಿನವರೆಗೆ ಬಂದು ಇಲ್ಲವೆನ್ನುವುದಕ್ಕೆ ಅವನಿಗೂ ಸಂಕೋಚ.

ಡಾಕ್ಟರು ನನ್ನ ಫಿಲ್ಮುಗಳನ್ನೆಲ್ಲ ಮುಂಬೈಗೆ ಕಳಿಸಿದ್ದರು. ಅಲ್ಲಿ ಹೊಸ ಮಾತ್ರೆಯೊಂದರ ಅಧ್ಯಯನ ನಡೆಯುತ್ತಿದೆ. ನಾನು ಹದಿನೈದು ದಿನ ಸೂಟ್‌ಕೇಸ್ ಕೆಳಗಿಳಿಸಿ ಇಟ್ಟುಕೊಂಡು ಕಾದೆ. ಈ ಮಂಗಳವಾರ ಉತ್ತರ ಬಂತು. ಆ ಮಾತ್ರೆ ತಡೆದುಕೊಳ್ಳುವಷ್ಟು ಲಿವರ್ ನನ್ನಲ್ಲಿ ಉಳಿದಿಲ್ಲವಂತೆ, ಸೇರಿಸಿಕೊಳ್ಳುವುದಿಲ್ಲವಂತೆ. ಡಾಕ್ಟರು ನನಗಿಂತ ಹೆಚ್ಚು ಬೇಜಾರು ಮಾಡಿಕೊಂಡರು. "ಇಲ್ಲೇ ಮಾಡೋದು ಮಾಡೋಣಮ್ಮ" ಎಂದರು. ತೊಡೆಯ ನರದಿಂದ ಸಣ್ಣ ಕೊಳವೆ ಬಿಟ್ಟು ಗಡ್ಡೆಗೇ ನೇರವಾಗಿ ಔಷಧಿ ಹಾಕುತ್ತಾರೆ. ಗುಣವಾಗುವುದಿಲ್ಲ, ಸ್ವಲ್ಪ ಕಾಲ ಸಿಗುತ್ತದೆ.

ಅದಕ್ಕೆ ಸಂಬಂಧಿಕರ ಸಹಿ ಬೇಕು ಎಂದರು. ಯಶೋದಮ್ಮ ಮಗಳ ಸ್ಕೂಲಿನ ಮೀಟಿಂಗ್ ಬಿಟ್ಟು ಬಂದು ಹಾಕಿದರು. "ಸಂಬಂಧ" ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಆಕೆ ಪೆನ್ನು ಹಿಡಿದು ನನ್ನನ್ನು ಕೇಳಿದರು. ಕೊನೆಗೆ "ಮೇಲಿನ ಮನೆ" ಎಂದು ಬರೆದರು. ನರ್ಸು ನಕ್ಕಳು. ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಬಹಳ ಹೊತ್ತು ಅತ್ತೆ, ಅಕ್ಕಾ. ಸಾಯುವ ಭಯಕ್ಕಲ್ಲ. ಆ ಜಾಗಕ್ಕೆ.

ಸಂಶೋಧನೆಗೆಂದು ಮಾತ್ರ ಪ್ರತಿ ಸಲವೂ ಒಂದು ಸಣ್ಣ ಬಾಟಲಿ ರಕ್ತ ಕೊಡುತ್ತೇನೆ. ಅದರಿಂದ ನನಗೇನೂ ಆಗಬೇಕಾದ್ದಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಇರಲಿ, ಯಾರಿಗಾದರೂ ಆಗುತ್ತದೆ.

ಹೇಮಾಳಿಗೆ ಈಗ ಐದು ಮುಗಿದಿರಬೇಕು. ದಿನ ಎಣಿಸುತ್ತಿದ್ದೇನೆ.

ನೀಲಾ


ರಾಣೆಬೆನ್ನೂರು
೧೯ ಸೆಪ್ಟೆಂಬರ್ ೨೦೦೮

ನೀಲಾ,

ಹೇಮಾಳನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ನೀನು ಬರೆದ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಡಾಕ್ಟರಮ್ಮ ನನ್ನನ್ನು ಎರಡು ಸಲ ನೋಡಿ, "ಇದು ನಿಮಗ್ಯಾರು ಹೇಳಿದ್ರು?" ಎಂದರು. ತಂಗಿ ಎಂದೆ.

ನನಗೂ ಇದೆ. ಹೇಮಾಳಿಗೂ ಇದೆ.

ನನ್ನ ಲಿವರ್ ಸ್ಕ್ಯಾನಿಂಗಿನಲ್ಲಿ ಸದ್ಯಕ್ಕೆ ಚೆನ್ನಾಗಿದೆ, ಆರು ತಿಂಗಳಿಗೊಮ್ಮೆ ನೋಡಿಸಬೇಕಂತೆ. ಮೂರು ರಾತ್ರಿಯಿಂದ ನನಗೆ ನಿದ್ದೆಯಿಲ್ಲ. ಮಗಳಿಗೆ ಇದನ್ನು ಕೊಟ್ಟವಳು ನಾನೇ ಅಲ್ಲವೇ? ಕೂಸಿಗೆ ಏನು ಮಾಡಬೇಕು? ಇಲ್ಲಿಯ ಡಾಕ್ಟರಮ್ಮ ಹೇಳಿದ್ದಾರೆ, ಆದರೂ ನಿನ್ನ ಡಾಕ್ಟರನ್ನು ಕೇಳಿ ಬರೆ.

ಹಿಂಡಿ ಭರಮಪ್ಪ ತಂದುಕೊಟ್ಟ. ಬಿಚ್ಚಿಲ್ಲ, ಹೇಮಾಳಿಗೂ ಕೊಟ್ಟಿಲ್ಲ. ನಿನ್ನ ಮೇಲಿನ ಸಿಟ್ಟಿಗಲ್ಲ. ಕೈ ಬರಲಿಲ್ಲ. ಚೆಲ್ಲಲಿಕ್ಕೂ ಬರಲಿಲ್ಲ, ಮೇಲಿನ ಹಲಗೆಯ ಮೇಲೆ ಇಟ್ಟಿದ್ದೇನೆ.

ಗುರುದೇವಿ


ಚಂದ್ರಾ ಲೇಔಟ್
೨೩ ಸೆಪ್ಟೆಂಬರ್ ೨೦೦೮

ಅಕ್ಕಾ,

ಪತ್ರ ಇವತ್ತೇ ಬಂತು. ಮಂಗಳವಾರವಾದ್ದರಿಂದ ಹಾಗೇ ಆಸ್ಪತ್ರೆಗೆ ಹಿಡಿದುಕೊಂಡು ಹೋದೆ. ಡಾಕ್ಟರು ಹೇಳಿದ್ದನ್ನು ಇದ್ದದ್ದಿದ್ದಂತೆ ಬರೆಯುತ್ತೇನೆ.

ಕೂಸು ಹುಟ್ಟಿದ ಹನ್ನೆರಡು ಗಂಟೆಯೊಳಗೆ ಎರಡು ಇಂಜೆಕ್ಷನ್, ಎರಡು ತೊಡೆಗೆ ಒಂದೊಂದು. ಒಂದು ಲಸಿಕೆ. ಇನ್ನೊಂದು ಎಲ್ಲ ಕಡೆ ಸಿಗುವುದಿಲ್ಲ, ದಾವಣಗೆರೆಯಿಂದ ಮೊದಲೇ ತರಿಸಿ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಇಡಿಸಬೇಕು. ನಾಳೆ ಹಾಕುತ್ತೇವೆ, ನಾಮಕರಣಕ್ಕೆ ಹಾಕುತ್ತೇವೆ ಎಂದು ಯಾರಾದರೂ ಅಂದರೆ ನೀನು ಜಾಗ ಬಿಟ್ಟು ಕದಲಬೇಡ. ಸಿನಿಮಾ ಟಿಕೆಟ್ಟಿನ ಸಾಲಿನಲ್ಲಿ ನೀನು ಜಗಳವಾಡುತ್ತಿದ್ದೆಯಲ್ಲ, ಹಾಗೆ ಆಡು. ಸರಿಯಾಗಿ ಹಾಕಿಸಿದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕೂಸುಗಳಿಗೆ ರೋಗ ದಾಟುವುದಿಲ್ಲವಂತೆ. ಅವ್ವನಿಂದ ನಮಗೆ ಬಂದದ್ದು, ನಿನ್ನಿಂದ ಹೇಮಾಳಿಗೆ ಹೋದದ್ದು ಅಲ್ಲಿಗೇ ನಿಲ್ಲುತ್ತದೆ.

ಕೊಟ್ಟವಳು ನಾನೇ ಎಂದು ಬರೆದಿದ್ದೀಯ. ಅವ್ವ ನಮಗೆ ಕೊಟ್ಟಳೆಂದು ನಾವು ಅವಳನ್ನು ಬೈಯುತ್ತೇವೆಯೇ?

ನಿನ್ನ ಪತ್ರದ ಮೇಲೆ "ನೀಲಾ" ಎಂದಿದೆ. ಬಸ್ಸಿನಲ್ಲಿ ನಾಲ್ಕು ಸಲ ನೋಡಿದೆ.

ನೀಲಾ


ರಾಣೆಬೆನ್ನೂರು
೧೪ ಡಿಸೆಂಬರ್ ೨೦೦೮

ನೀಲಾ,

ಹೆಣ್ಣುಕೂಸು. ಮೊನ್ನೆ ಬೆಳಿಗ್ಗೆ ಒಂಬತ್ತೂವರೆಗೆ. ಮಧ್ಯಾಹ್ನ ಒಂದರ ಹೊತ್ತಿಗೆ ಎರಡೂ ಇಂಜೆಕ್ಷನ್ ಆದವು. ನರ್ಸು ಊಟ ಮಾಡಿ ಬರುತ್ತೇನೆ ಎಂದಳು. "ನಿನ್ನ ಊಟ ಎಲ್ಲೂ ಓಡಿ ಹೋಗೂದಿಲ್ಲವ್ವಾ, ಮೊದಲ ಇದನ್ನ ಮುಗಸು" ಎಂದು ಬಾಗಿಲಿಗೆ ಅಡ್ಡ ನಿಂತೆ. ಕೂಸು ಅತ್ತದ್ದು ಕೇಳಿ ನನಗೆ ಎಂದೂ ಆಗದಷ್ಟು ಸಂತೋಷವಾಯಿತು.

ಇದನ್ನು ಮೊದಲು ಬರೆಯಬೇಕೆಂದು ಬರೆದೆ. ಇನ್ನು ಎರಡನೆಯದು.

ಜುಲೈಯಲ್ಲಿ ನೀನು ಹೊಡೆದುಹಾಕಿದ ಎರಡು ಸಾಲನ್ನು ನಾನು ಅವತ್ತೇ ಬಿಸಿಲಿಗೆ ಹಿಡಿದು ಓದಿದ್ದೆ. ಹಿಂದಿನಿಂದ ಅಕ್ಷರ ಕಾಣುತ್ತಿದ್ದವು. "ಕರ್ರಗೆ ಬಂದದ್ದು ಮದ್ದಲ್ಲ ಅಕ್ಕಾ, ಅದು ರಕ್ತ. ಉಬ್ಬಿದ ನರ ವಾಂತಿಗೆ ಒಡೆದಿರಬೇಕೆಂದು ಡಾಕ್ಟರು ಹೇಳಿದರು." ಪರೀಕ್ಷೆಗೆ ಎರಡು ತಿಂಗಳು ಹೋಗದೆ ಇದ್ದದ್ದು ಅದಕ್ಕೇ. ಹೋಗಿ ಇದೆ ಎಂದು ಬಂದರೆ ಅವ್ವನಿಗೂ ಇತ್ತೆಂದಾಗುತ್ತದೆ. ಅವ್ವನಿಗೆ ಇತ್ತೆಂದರೆ ವಾಂತಿ ಮಾಡಿಸಿದವಳು ನಾನು.

ಅವ್ವ ಬೇಡವೆಂದಳು, ನೀಲಾ. ಇದನ್ನು ಯಾರಿಗೂ ಹೇಳಿಲ್ಲ. "ಸಾಕ ಬಿಡ, ಗುರೂ, ತಡಕೊಳ್ಳಾಕ ಆಗವಲ್ದು" ಅಂದಳು. ಇನ್ನೊಂದು ಲೋಟ ಕುಡಿ ಎಂದು ಮೂಗು ಹಿಡಿದು ಕುಡಿಸಿದೆ. ಅವತ್ತೇ ಮಧ್ಯಾಹ್ನ ಹೋದಳು. ಇಪ್ಪತ್ತೇಳು ವರ್ಷ ನಿಮ್ಮತ್ತೆಯ ಹೆಸರು ಹೇಳಿಕೊಂಡು ಬದುಕಿದೆ.

ಡಾಕ್ಟರನ್ನು ಸರಿಯಾಗಿ ಕೇಳಿ ಬರೆ. ಅವ್ವನನ್ನು ಕೊಂದದ್ದು ನಾನೇ?

ಗುರುದೇವಿ


ಚಂದ್ರಾ ಲೇಔಟ್
೨೬ ಡಿಸೆಂಬರ್ ೨೦೦೮

ಅಕ್ಕಾ,

ಅಕ್ಷರ ಸೊಟ್ಟಗಿವೆ, ಕೈ ನಡುಗುತ್ತದೆ. ಬರೆಯುತ್ತಿರುವುದು ನಾನೇ.

ಕೂಸಿನ ಸುದ್ದಿ ಓದಿ ಯಶೋದಮ್ಮನ ಮನೆಗೆ ಸಕ್ಕರೆ ಹಂಚಿದೆ.

ಡಾಕ್ಟರನ್ನು ಕೇಳಿದೆ. ನಾನು ಮೊದಲು ತಪ್ಪು ತಿಳಿದುಕೊಂಡು ಬರೆದಿದ್ದೆ, ಅದಕ್ಕೇ ಹೊಡೆದುಹಾಕಿದ್ದು. ವಾಂತಿಗೂ ಅವ್ವ ಹೋದದ್ದಕ್ಕೂ ಸಂಬಂಧವೇ ಇಲ್ಲ ಎಂದರು. ಆ ಹೊತ್ತಿಗೆ ಅವಳ ದಿನ ಮುಗಿದಿತ್ತಂತೆ. ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು ನಿಮ್ಮ ಅಕ್ಕನಿಗೆ ಹೇಳಿ ಎಂದರು.

ನಾನೂ ಯಾರಿಗೂ ಹೇಳದ್ದೊಂದಿದೆ. ಅವ್ವನನ್ನು ಊರಿಗೆ ಕಳಿಸುವ ದಿನ ಅವಳ ಕಾಲು ಚಪ್ಪಲಿಯೊಳಗೆ ಹೋಗಲಿಲ್ಲ. ಅಷ್ಟು ಬಾತಿತ್ತು. ಮನೆಯಲ್ಲಿ ಅತ್ತೆಯ ಗೊಣಗಾಟ ಸಾಕಾಗಿತ್ತು ನನಗೆ. ಅವ್ವ ಹೊರಟರೆ ಸಾಕೆನಿಸಿತ್ತು. ಚಪ್ಪಲಿಯನ್ನು ಚೀಲಕ್ಕೆ ತುರುಕಿ ಬರಿಗಾಲಲ್ಲೇ ಬಸ್ಸು ಹತ್ತಿಸಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣವೆಂದು ನನಗೆ ಹೊಳೆಯಲಿಲ್ಲ. ನಿನಗಾದರೂ ಏನಾದರೂ ಮಾಡಬೇಕೆನಿಸಿತು. ಕೊನೆಗೆ ಅವಳ ತಲೆ ಹಿಡಿದುಕೊಂಡವಳು ನೀನು.

ಹೊಟ್ಟೆಯಲ್ಲಿ ನೀರು ತುಂಬಿದೆ. ಹಗಲಲ್ಲೂ ಮಂಪರು. ನಿನ್ನೆ ಎಕ್ಸ್‌ಚೇಂಜಿನಲ್ಲಿದ್ದೇನೆಂದು ತಿಳಿದು ಯಾರಿಗೋ ಲೈನ್ ಕೊಡುತ್ತಿದ್ದೆನಂತೆ. ಯಾರೂ ಎತ್ತಲಿಲ್ಲವೆಂದು ಯಶೋದಮ್ಮನ ಹತ್ತಿರ ದೂರಿದೆನಂತೆ.

ಬಾ ಎಂದು ಕರೆಯುವುದಿಲ್ಲ, ಮನೆಯಲ್ಲಿ ಬಾಣಂತಿಯಿದ್ದಾಳೆ. ಕೂಸಿಗೆ ಎರಡನೆಯ ಲಸಿಕೆ ಒಂದು ತಿಂಗಳಿಗೆ. ಮರೆಯಬೇಡ.

ನೀಲಾ


ಆಸ್ಪತ್ರೆ, ಬೆಂಗಳೂರು
೧೬ ಜನವರಿ ೨೦೦೯, ಮಧ್ಯಾಹ್ನ

ನೀಲಾ,

ಯಶೋದಮ್ಮ ಫೋನ್ ಮಾಡಿದರು. ಬಂದು ಮೂರು ದಿನವಾಯಿತು. ನಾನು ಬಂದಾಗಿನಿಂದ ನೀನು ಕಣ್ಣು ಬಿಟ್ಟಿಲ್ಲ. ಕರೆದರೆ ಹುಬ್ಬು ಅಲ್ಲಾಡುತ್ತದೆ, ಅಷ್ಟೇ. ಏಳುತ್ತಾಳೆಯೇ ಎಂದು ಕೇಳಿದರೆ ನೋಡೋಣ ಎನ್ನುತ್ತಾರೆ. ಎದುರಿಗೆ ಕೂತು ಮಾತಾಡುವುದು ಇಬ್ಬರಿಗೂ ಮರೆತುಹೋಗಿದೆ, ಅದಕ್ಕೇ ಬರೆದು ದಿಂಬಿನ ಕೆಳಗೆ ಇಡುತ್ತಿದ್ದೇನೆ.

ಇವತ್ತು ಶುಕ್ರವಾರ, ನಿನ್ನ ಡಾಕ್ಟರು ಸಿಕ್ಕರು. ಅವ್ವನ ವಿಷಯ ನಾನೇ ಕೇಳಿದೆ. "ಡಿಸೆಂಬರ್‌ನಲ್ಲಿ ನನ್ನ ತಂಗಿ ನಿಮ್ಮನ್ನ ಇದನ್ನ ಕೇಳಿದ್ಲೇನ್ರೀ?" ಎಂದೆ. "ಇಲ್ಲಮ್ಮ. ಜುಲೈನಲ್ಲಿ ಒಂದ್ಸಲ ಕೇಳಿದ್ರು. ಆಮೇಲೆ ಕೇಳಲೇ ಇಲ್ಲ" ಎಂದರು. ಜುಲೈಯಲ್ಲಿ ಏನು ಹೇಳಿದಿರಿ ಎಂದೆ. ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. "ವಾಂತಿ ಮಾಡಿಸ್ಬಾರದಿತ್ತು. ಮಾಡಿಸ್ದೇ ಇದ್ದಿದ್ರೂ ಹೆಚ್ಚು ದಿನ ಇರ್ತಿರ್ಲಿಲ್ಲ. ಎರಡನ್ನೂ ಹೇಳಿದ್ದೆ" ಎಂದರು.

ನೀನು ಎರಡನೆಯದನ್ನು ಮಾತ್ರ ಬರೆದೆ. ನಾನು ಇಪ್ಪತ್ತೇಳು ವರ್ಷ ನಿನ್ನ ಮನೆಯ ಮೇಲೆ ಸುಳ್ಳು ಹೊರಿಸಿದೆ. ನೀನು ನನಗೋಸ್ಕರ ಒಂದು ಸುಳ್ಳು ಹೇಳಿದೆ. ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ, ನೀಲಾ. ಆದರೂ ಕೇಳುತ್ತಿದ್ದೇನೆ.

ಆ ಹಾಳೆಯನ್ನೂ ತೋರಿಸಿದರು. ನಿನ್ನ ಸೊನ್ನೆಯ ಪಕ್ಕದಲ್ಲಿ ನನ್ನ ಸೊನ್ನೆ ಬೇರೆ ಶಾಯಿಯಲ್ಲಿದೆ. ಮೊದಲ ಸಲ ಯಾರೂ ಇಲ್ಲ ಎಂದಿದ್ದವಳು ಮುಂದಿನ ಶುಕ್ರವಾರ ಓಪಿಡಿ ತೆಗೆಯುವ ಮೊದಲೇ ಬಂದು ಕೂತಿದ್ದೆಯಂತೆ. "ಸಾರ್, ತಪ್ಪು ಹೇಳ್ಬಿಟ್ಟೆ, ನಂಗೊಬ್ಳು ಅಕ್ಕ ಇದಾಳೆ, ಸೇರಿಸ್ಕೊಳ್ಳಿ" ಎಂದೆಯಂತೆ. ಅದರ ಕೆಳಗೆ ಹೇಮಾ. ಅದರ ಕೆಳಗೆ ಕೂಸಿನದು, ಪುಟ್ಟದು. ಅದನ್ನು ಕಪ್ಪು ಮಾಡದೆ ಖಾಲಿ ಬಿಟ್ಟಿದ್ದಾರೆ.

ಈ ಸಲ ಆಸ್ಪತ್ರೆಯ ಫಾರ್ಮಿಗೆ ಸಹಿ ನಾನೇ ಹಾಕಿದೆ. ಸಂಬಂಧ ಎಂಬಲ್ಲಿ ಅಕ್ಕ ಎಂದು ಬರೆದೆ.

ಮೊದಲ ಎರಡು ದಿನ ಹೋಟೆಲಿನ ಇಡ್ಲಿ ತಿಂದೆ. ಇವತ್ತು ಬೆಳಿಗ್ಗೆ ನಿನ್ನ ಅಡುಗೆಮನೆಯಲ್ಲಿ ಒಲೆ ಹಚ್ಚಿದೆ. ನಿನ್ನ ಡಬ್ಬಿಯ ಹಿಟ್ಟಿನಲ್ಲಿ ಎರಡು ರೊಟ್ಟಿ ಬಡಿದೆ. ನೀನು ಕಳಿಸಿದ್ದ ಹಿಂಡಿಯ ಪೊಟ್ಟಣವನ್ನು ಊರಿನಿಂದ ತಂದಿದ್ದೆ, ಬಿಚ್ಚಿದೆ. ಆರು ತಿಂಗಳಾಗಿತ್ತು, ಎಣ್ಣೆ ಕಮಟು ಹಿಡಿದಿತ್ತು. ಬೆಳ್ಳುಳ್ಳಿ ಮಾತ್ರ ಅವ್ವನ ಅಳತೆಯೇ. ಅಳುತ್ತಾ ಅಳುತ್ತಾ ಪೂರ್ತಿ ತಿಂದೆ.

ಎದ್ದರೆ ಕೂಗು. ಬಾಗಿಲ ಪಕ್ಕದ ಬೆಂಚಿನ ಮೇಲೆ ಇದ್ದೇನೆ.

ಇಂತಿ,
ನಿನ್ನ ಅಕ್ಕ